ನೆರಳಿನ ಪಾಲು

ಮಸ್ಕತ್ತಿನ ಹೋಟೆಲಿನಲ್ಲಿ ಮೂರು ದಿನ
ಹೆಡ್‌ಫೋನ್ ಹಂಚಿದವನು ನಾನು.
ನೂರಾ ನಲವತ್ತು. ಎಣಿಸಿ ಕೊಟ್ಟು, ಎಣಿಸಿ ಪಡೆದು.
ಎರಡು ವಾಪಸು ಬರಲಿಲ್ಲ, ಸಂಬಳದಲ್ಲಿ ಹಿಡಿದರು.

ಸೂರ್ಯನಿಗೆ ತೆರೆ ಕಟ್ಟುವ ಮಾತು.
ಎತ್ತರದಲ್ಲಿ ವಿಮಾನ ಹಾರಿಸಿ ಗಂಧಕದ ಹೊಗೆ ತೂರಿದರೆ
ಬಿಸಿಲು ನೂರಕ್ಕೆ ಒಂದು ಪಾಲು ಕಮ್ಮಿಯಂತೆ,
ನೆಲ ಒಂದಿಷ್ಟು ಆರೀತಂತೆ.
ತೂರಬಲ್ಲ ದೊಡ್ಡವರು ಬಂದಿರಲಿಲ್ಲ,
ಅವರ ಹೆಸರಿನ ಫಲಕವೂ ಅಚ್ಚಾಗಿರಲಿಲ್ಲ.
ಬಂದವರೆಲ್ಲ ನಡುವಿನವರು:
ತಡೆಯುವಷ್ಟು ತೋಳಿಲ್ಲ,
ಸುಮ್ಮನಿರುವಷ್ಟು ಸಣ್ಣವರೂ ಅಲ್ಲ.

ಆನೆಗಳ ಕಾದಾಟಕ್ಕೆ ಹುಲ್ಲು ನುಗ್ಗಾಯಿತು, ಎಂದರು ಯಾರೋ.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು
ಎಂದುಕೊಂಡೆ ನಾನು, ಗೋಡೆಗೆ ಒರಗಿ.
ಆರು ಭಾಷೆಗೆ ಆರು ಚಾನೆಲ್. ನನ್ನದಕ್ಕೆ ಇರಲಿಲ್ಲ.

ಒಪ್ಪಿಗೆಯಾಗದ ಮಾತಿಗೆ ಕಂಸ ಹಾಕುತ್ತಾರೆ ಅಲ್ಲಿ.
‘ಕೇಳತಕ್ಕದ್ದು’ ಎಂದೋ, ‘ಕೇಳಿದರೆ ಒಳ್ಳೆಯದು’ ಎಂದೋ
ಒಂದಿಡೀ ಮಧ್ಯಾಹ್ನ.
ಗಂಗೊಳ್ಳಿ ಶಾಲೆಯ ಗಣಿತದ ಮೇಷ್ಟ್ರು ನೆನಪಾದರು:
ಕಂಸದೊಳಗಿನದ್ದನ್ನು ಮೊದಲು ಬಿಡಿಸು ಮಾರಾಯ.
ಬಿಡಿಸುವವರಿಲ್ಲ. ಕಂಸನ ಸೆರೆಯಲ್ಲಿ ಹುಟ್ಟಿದ್ದನ್ನು
ಬುಟ್ಟಿಯಲ್ಲಿ ಹೊತ್ತು ಹೊಳೆ ದಾಟುವವನೊಬ್ಬ ಬೇಕು.
ಇಲ್ಲಿ ಹೊಳೆಯೂ ಇಲ್ಲ.
ಎಣ್ಣೆಯ ದುಡ್ಡಿನಲ್ಲಿ ತಣ್ಣಗಾದ ಸಭಾಂಗಣ ಅದು,
ನನ್ನ ಸಂಬಳವೂ ಅದೇ ದುಡ್ಡು,
ಹೆಚ್ಚು ಮಾತಾಡಬಾರದು.

ನಾಲ್ಕನೆಯ ದಿನ ಬಸ್ಸಿನಲ್ಲಿ ಅಲ್ ಹಮ್ರಾ.
ಮಣ್ಣುಮನೆಗಳ ಕೆಳಗೆ, ಖರ್ಜೂರದ ಕಾಲಬುಡದಲ್ಲಿ
ಸಣ್ಣ ಕಾಲುವೆ, ಫಲಜ್.
ನೀರು ಹಂಚುವವನು ಸುಲೈಮ್ ಅಲ್ ಅಬ್ರಿ,
ನೆಟ್ಟಗೊಂದು ಕೋಲು, ಎದುರಿಗೆ ಸಾಲಾಗಿ ಕಲ್ಲು.
ಮೊದಲು ಬಾಯಾರಿದವನಿಗೆ, ಯಾವೂರಿನವನಾದರೂ.
ಆಮೇಲೆ ಮಸೀದಿಗೆ.
ಕೋಲಿನ ನೆರಳು ಒಂಬತ್ತನೆಯ ಕಲ್ಲು ಮುಟ್ಟಿದರೆ
ವಿಧವೆ ಝುವೈನಾಳ ತೋಟಕ್ಕೆ.
ರಾತ್ರಿಯ ಪಾಲಿಗೆ ನಕ್ಷತ್ರ.

ಈಗ ಎಲ್ಲರ ಕೈಯಲ್ಲೂ ಗಡಿಯಾರ ಇದೆಯಲ್ಲ?
ಕೇಳಿದಳು ಇಂಡೋನೇಷ್ಯಾದ ಸುಲಸ್ತ್ರಿ.
ಮುದುಕ ನಕ್ಕ.
ಗಡಿಯಾರ ಒಬ್ಬೊಬ್ಬರದು ಒಂದೊಂದು ಹೇಳುತ್ತೆ, ಮಗಳೇ.
ನೆರಳು ಊರಿಗೆಲ್ಲ ಒಂದೇ.

ಆಮೇಲೆ ಅವನ ಸರದಿ:
ನೀವು ಕಟ್ಟುವ ಆ ತೆರೆ,
ನನ್ನ ನೆರಳನ್ನು ಏನು ಮಾಡೀತು?

ದುಭಾಷಿ ಶಂಶೀರ್ ಎರಡು ಸಲ ಹೇಳಿದ.
ಯಾರೂ ಬಾಯಿ ಬಿಡಲಿಲ್ಲ.
ಕಡೆಗೆ ಟೋಪಿ ತೆಗೆದು ವಿಜ್ಞಾನಿ ಅಂದರು,
ಆಕಾಶ ತುಸು ಬೆಳ್ಳಗಾದೀತು.
ನೆರಳು ಇರುತ್ತೆ. ಅಂಚು ಸ್ವಲ್ಪ ಮಸುಕು, ಅಷ್ಟೇ.

ಸುಲೈಮ್ ಕೂತು ಕಲ್ಲೊಂದನ್ನು ಸರಿಪಡಿಸಿದ,
ಅದು ಸರಿಯಾಗಿಯೇ ಇತ್ತು.
ನೆರಳಿಗೆ ಯಾರೂ ಹೊಡೆದಾಡುವುದಿಲ್ಲ ಸ್ವಾಮಿ,
ಅಂದ,
ಅಂಚಿಗೇ.

ಗಂಗೊಳ್ಳಿಯ ದಂಡೆಯಲ್ಲಿ ಅಕ್ಕ ಬಂಗುಡೆ ಒಣಹಾಕುತ್ತಾಳೆ.
ಬಿಸಿಲು ಬೆರಳಿಗೆ ಗೊತ್ತಾಗುತ್ತೆ ಅವಳಿಗೆ,
ಒಂದು ಪಾಲು ಕಮ್ಮಿಯಾದರೂ.
ಪರದೆಯ ಮೇಲಿನ ನಕ್ಷೆಯಲ್ಲಿ ಆ ಕರಾವಳಿ
ಗೆರೆ ಹೊಡೆದ ಬಣ್ಣದ್ದು:
ಮಳೆ ಕಮ್ಮಿಯೋ ಜಾಸ್ತಿಯೋ, ಲೆಕ್ಕಗಳಿಗೆ ಒಮ್ಮತವಿಲ್ಲ.
ಅವಳಿಗೆ ಫೋನಿನಲ್ಲಿ ಏನಂತ ಹೇಳುವುದು?
ಹೇಳಲಿಲ್ಲ. ಮೀನಿನ ದರ ಕೇಳಿದೆ.

ಮರಳುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ
ಐದು ದೇಶಗಳು ಮಂಡಿಯ ಮೇಲೆ ಕಾಗದವಿಟ್ಟು ಬರೆದವು:
ಬಿಸಿಲಿಗೆ ಕೈ ಹಾಕುವ ಮುನ್ನ
ಕಾಲುವೆಯ ಕಟ್ಟಕಡೆಯ ತೋಟದವರನ್ನು ಕೇಳತಕ್ಕದ್ದು.
ಸುಲಸ್ತ್ರಿ ಓದಿ, ಪೆನ್ನು ಇಸಕೊಂಡು,
ಕೊನೆಯ ಪದಕ್ಕೆ ತಾನೇ ಕಂಸ ಹಾಕಿದಳು.
ನಾಳೆ ಉಳಿಯಬೇಕಲ್ಲ, ಅದಕ್ಕೆ, ಅಂದಳು.

ಹೋಟೆಲಿನ ಹೊರಗೆ ಪೆಟ್ಟಿಗೆ ಇಳಿಸುತ್ತ ನಿಂತಿದ್ದೆ.
ದೀಪದ ಕಂಬದ ನೆರಳು
ನನ್ನ ಎಡಗಾಲಿನ ಚಪ್ಪಲಿ ದಾಟಿ ಬಲಗಾಲಿಗೆ ಬರುತ್ತಿತ್ತು.
ಅಂಚು ಇನ್ನೂ ಚೂಪಾಗಿತ್ತು.
ಕಾಲು ತೆಗೆಯಲಿಲ್ಲ.