ಒಂದು ಚೌಕಕ್ಕೆ ಒಂದು ಹೆಜ್ಜೆ

ಮಾರ್ಚ್ ಹದಿನಾಲ್ಕು. ವಾಲ್ಗಾದಲ್ಲಿ ಇನ್ನೂ
ಮೊಣಕಾಲುದ್ದ ಹಿಮ.
ಅಡುಗೆಮನೆಯ ಮೇಜಿನ ಮೇಲೆ
ರೈಲ್ವೆ ಕಚೇರಿಯ ಹಳೇ ಚೌಕದ ಹಾಳೆ ಹಾಸಿ
ಪೆನ್ಸಿಲ್ ಚೂಪು ಮಾಡುತ್ತೇನೆ.
ಮೂವತ್ತೊಂದು ವರ್ಷ ಇಂಥದೇ ಹಾಳೆಗಳಲ್ಲಿ
ಗೂಡ್ಸ್ ಗಾಡಿಗಳ ಲೆಕ್ಕ ಬರೆದವಳು ನಾನು:
ಯಾವ ಸರಕು ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು,
ತಪ್ಪಿದರೆ ಯಾರ ಸಂಬಳಕ್ಕೆ ಕತ್ತರಿ.
ಈಗ ಇಳಿಯಬೇಕಾದದ್ದು ಕ್ಯಾರೆಟ್ಟು.

ತೋಟದ ಉದ್ದಗಲ ಯಾರು ಕಂಡವರು?
ಅಳತೆಪಟ್ಟಿ ನೆಲಮಾಳಿಗೆಯಲ್ಲಿ ತುಕ್ಕು ಹಿಡಿದು
ಎರಡೂವರೆ ಮೀಟರಿಗೇ ತುಂಡಾಗಿದೆ.
ಮೊಮ್ಮಗ ಉಕುವನ್ನು ಹೊರಗಟ್ಟಿದೆ:
ಬೇಲಿಯಿಂದ ಸೇಬಿನ ಮರಕ್ಕೆ ಎಷ್ಟು ಹೆಜ್ಜೆ, ಎಣಿಸಿಕೊಂಡು ಬಾ.
ಹೂತು, ಎದ್ದು, ಒಂದು ಬೂಟು ಕಳೆದುಕೊಂಡು, ಹುಡುಕಿಕೊಂಡು
ಬಂದವನು ಹೇಳಿದ: ಇಪ್ಪತ್ತಾರು.
ಬೂಟಿಲ್ಲದ್ದನ್ನೂ ಸೇರಿಸಿದರೆ ಇಪ್ಪತ್ತೇಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದುಂಟು.
ನನ್ನಲ್ಲಿ ತಿರುಗುಮುರುಗು,
ಒಂಬತ್ತು ವರ್ಷದ ಕಾಲು ಚಾಚಿದಷ್ಟೇ ಪಾತಿ.
ಹಾಳೆಯ ಮೂಲೆಯಲ್ಲಿ ಬರೆದೆ:
ಒಂದು ಚೌಕ, ಉಕುವಿನ ಒಂದು ಹೆಜ್ಜೆ.

ಹೋದ ವರ್ಷ ಆಲೂಗಡ್ಡೆ ಇದ್ದಲ್ಲಿ ಈ ಸಲ ಬಟಾಣಿ,
ಬಟಾಣಿ ಇದ್ದಲ್ಲಿ ಎಲೆಕೋಸು, ಎಲೆಕೋಸು ಇದ್ದಲ್ಲಿ
(ಹುಳ ಬಿದ್ದು ನನ್ನ ಮರ್ಯಾದೆ ಹೋದ ಜಾಗ ಅದು)
ಸದ್ಯಕ್ಕೆ ಏನೂ ಬೇಡ.
ಈರುಳ್ಳಿಯ ಪಕ್ಕ ಕ್ಯಾರೆಟ್,
ಒಬ್ಬರ ವಾಸನೆ ಇನ್ನೊಬ್ಬರ ನೊಣ ಓಡಿಸುತ್ತದಂತೆ.
ಸಬ್ಬಸಿಗೆಗೆ ಜಾಗ ಬರೆಯಲಿಲ್ಲ,
ಅದು ಕೇಳಿಕೊಂಡು ಬರುವ ಪೈಕಿಯಲ್ಲ.

ಬೆಳ್ಳುಳ್ಳಿ ಆಗಲೇ ನೆಲದೊಳಗಿದೆ.
ಅಕ್ಟೋಬರಿನಲ್ಲಿ ನಾನೇ ಊರಿದ ಎಂಬತ್ತು ಎಸಳು.
ಗುರುತಿಗೆ ಕಡ್ಡಿ ನೆಟ್ಟಿದ್ದೆ;
ಹಿಮ ಕಡ್ಡಿಗಿಂತ ಎತ್ತರ ಬೆಳೆಯಿತು.
ಬಾವಿಯ ಈಚೆಗೋ ಆಚೆಗೋ?
ಎರಡೂ ಕಡೆ ಪ್ರಶ್ನೆಯ ಚಿಹ್ನೆ ಹಾಕಿದೆ.
ಸ್ಟೇಷನ್ನಿನಲ್ಲಿ ಹೀಗೆ ಬರೆದಿದ್ದರೆ
ಕಲ್ಲಿದ್ದಲು ಇಷ್ಟು ಹೊತ್ತಿಗೆ ಲಾಟ್ವಿಯಾ ದಾಟುತ್ತಿತ್ತು.

ಉಕು ಪೆನ್ಸಿಲ್ ಕಸಿದುಕೊಂಡು
ಟೊಮೇಟೊದ ಗಾಜಿನ ಮನೆಗೆಂದು ನಾನು ಕಾದಿಟ್ಟ ಕಡೆ
ದೊಡ್ಡದೊಂದು ವೃತ್ತ ಎಳೆದ.
ಇದೇನೋ? ಟ್ರ್ಯಾಂಪೊಲಿನ್.
ಅದರಲ್ಲಿ ಏನು ಬೆಳೆಯುತ್ತೆ?
ಸ್ವಲ್ಪ ಯೋಚಿಸಿ ಹೇಳಿದ: ನಾನು.
ಉತ್ತರಕ್ಕೆ ನೂರು ಅಂಕ. ಜಾಗಕ್ಕೆ ಸೊನ್ನೆ. ಅಳಿಸಿಬಿಟ್ಟೆ.

ಪಕ್ಕದ ಮನೆಯ ಹೆಲ್ದುರ್ ಸಲಿಕೆ ಹಿಂದಿರುಗಿಸಲು ಬಂದು
ಬಗ್ಗಿ ನೋಡಿ ನಕ್ಕ:
ನೆಲದ ಮುಖ ಕಾಣದೆ ನಕ್ಷೆಯೇ?
ಕೂಸು ಹುಟ್ಟುವ ಮುಂಚೆ ಕುಲಾವಿ!
ಹೊಲಿದಿಡದಿದ್ದರೆ, ಎಂದೆ,
ಈ ಊರಿನ ಚಳಿಯಲ್ಲಿ ಕೂಸಿನ ಗತಿಯೇನು?

ಏಪ್ರಿಲಿನಲ್ಲಿ ಹಿಮ ಕರಗಿತು, ನನ್ನ ಹಾಳೆಯನ್ನು ಕೇಳದೆ.
ಮೊದಲು ಕಪ್ಪಗೆ ಕಂಡದ್ದು ಸೌನಾ ಗುಡಿಸಲ ಹಿಂದೆ,
ಗೊಬ್ಬರದ ಗುಂಡಿ ಎಂದು ನಾನು ಬರೆದ ಮೂಲೆ.
ಬೆಳಿಗ್ಗೆ ಎಂಟಕ್ಕೇ ಬಿಸಿಲು ಅಲ್ಲಿ ಬಂದು ಕೂರುತ್ತದೆ.
ಮೂವತ್ತೊಂದು ವರ್ಷ ಎಂಟು ಗಂಟೆಗೆ
ನಾನು ಮನೆಯಲ್ಲಿದ್ದರಲ್ಲವೇ ಗೊತ್ತಾಗುವುದು.
ಕೊನೆಯವರೆಗೂ ಬೆಳ್ಳಗೆ ಉಳಿದದ್ದು
ಹೆಲ್ದುರನ ಸ್ಪ್ರೂಸ್ ಮರದ ನೆರಳಲ್ಲಿ
ನನ್ನ ಟೊಮೇಟೊದ ಜಾಗ.
ಅಳಿಸಿದ ವೃತ್ತ ಹಾಳೆಯಲ್ಲಿ ಇನ್ನೂ ಮಸುಕಾಗಿತ್ತು.
ಅದೇ ಗೆರೆಯ ಮೇಲೆ ಮತ್ತೆ ಪೆನ್ಸಿಲ್ ಓಡಿಸಿದೆ.
ಬೆಳ್ಳುಳ್ಳಿ ಎರಡು ಪ್ರಶ್ನೆಗಳಲ್ಲೂ ಇರಲಿಲ್ಲ,
ರೂಬಾರ್ಬಿನ ಮಗ್ಗುಲಲ್ಲಿ ಸೊಟ್ಟಗೆ ಮೊಳೆತಿತ್ತು.

ಮೇ ತಿಂಗಳು. ಗೂಟ, ಹುರಿ, ನಕ್ಷೆ.
ಉಕು ಬೇಲಿಯಿಂದ ಹೊರಟು
ಸೇಬಿನ ಮರ ಮುಟ್ಟಿ ಕೂಗಿದ: ಇಪ್ಪತ್ಮೂರು!
ಇನ್ನು ನಾಲ್ಕು ಚೌಕ ಎಲ್ಲಿ?
ಹಿಮವಿಲ್ಲ ಎನ್ನೋಣ. ಕಾಲು ಬೆಳೆದಿದೆ ಎನ್ನೋಣ.
ಮಾರ್ಚಿನಲ್ಲಿ ಇಟ್ಟ ಹಾಗೆ ಇಡು, ಎಂದೆ.
ಹಿಂದೆ ಹೋಗಿ, ನೆಲ ನೋಡಿಕೊಂಡು, ಮೆಲ್ಲಗೆ
ಇಟ್ಟು ನೋಡಿದ. ಬರಲಿಲ್ಲ.

ಎಲೆಕೋಸು ಎರಡು ಸಾಲು ಕಡಿಮೆ.