ಹಿಟ್ಟು ಹಚ್ಚಿದ ಹುಳ

ಬೆಳಗಿನ ಐದಕ್ಕೆ ಮೈಸೂರಲ್ಲಿ ಅಳೆದು ತುಂಬಿದ್ದು,
ಸೀಸದ ಕುಡಿಕೆಯೊಳಗೆ ಒಂದು ಪುಟ್ಟ ಬಾಟಲಿ.
ಹುಣಸೂರು ಬರುವ ಮೊದಲೇ ಸವೆಯತೊಡಗಿದೆ,
ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ.
ಆರು ಗಂಟೆಗೆ ಅರ್ಧ, ಮತ್ತಾರಕ್ಕೆ ಅರ್ಧದ ಅರ್ಧ.
ಬಡ್ಡಿಯ ಲೆಕ್ಕವೇ, ತಿರುಗಿಸಿ ಬರೆದದ್ದು.

ಆನೆಕಾಡಿನಲ್ಲಿ ಹಿಂಡು ರಸ್ತೆಗಿಳಿಯಿತು.
ಮೊಯ್ದು ಎಂಜಿನ್ ಆರಿಸಿ ನಲವತ್ತು ನಿಮಿಷ ಕೂತ.
ಫೋನಿನಲ್ಲಿ ಪಿಸುಗುಟ್ಟಿದ:
"ಮರಿ ಉಂಟು ಮೇಡಂ. ಹಾರ್ನ್ ಹೊಡೆಯಲ್ಲ."
ಮಡಿಕೇರಿಯಲ್ಲಿ ನಾನು ಕ್ಯಾಲ್ಕುಲೇಟರ್ ಹಿಡಿದು
ಮರಿಯಾನೆಯ ಹೆಜ್ಜೆಗಳನ್ನು ಕಳೆಯುತ್ತಿದ್ದೆ.

ಬೆಳ್ಯವ್ವ, ಐವತ್ತೆಂಟು, ಭಾಗಮಂಡಲದ ಕಡೆಯವರು.
ಎಡ ಎದೆಯಲ್ಲಿ ಗಂಟು, ಬಟಾಣಿಗಿಂತ ತುಸು ದೊಡ್ಡದು.
ಬಾಗಿಲ ಮೇಲಿನ ಹಳದಿ ಫಲಕ ನೋಡಿದರು,
ಅದರ ಮೂರು ರೆಕ್ಕೆ ನೋಡಿದರು:
"ಇದು ಯಾವ ಹುಳ?"

ನನಗೆ ಹೇಳಿಕೊಟ್ಟ ಹಾಗೇ ಹೇಳಿದೆ.
ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲಿನ ಕಣ,
ಅದರ ಬೆನ್ನಿಗೆ ಟೆಕ್ನೀಷಿಯಂ,
ಗಂಟಿನ ಪಕ್ಕ ಚುಚ್ಚಿ ಬಿಡುತ್ತೇವೆ,
ಮೈಯೊಳಗಿನ ನೀರದಾರಿ ಹಿಡಿದು ಅದು ಹೋಗುತ್ತದೆ,
ರೋಗ ಹೊರಟಿದ್ದರೆ ಮೊದಲು ತಂಗುವ ಮನೆಗೆ.

"ಅಷ್ಟೇ ಅಲ್ವಾ," ಅಂದರು.
"ನಮ್ಮಪ್ಪ ಬೆಲ್ಲದ ನೀರಿಗೆ ಬಂದ ಹುಳದ ಬೆನ್ನಿಗೆ
ಚಿಟಿಕೆ ಅಕ್ಕಿಹಿಟ್ಟು ಹಚ್ಚಿ ಬಿಡ್ತಿದ್ರು.
ಬಿಳಿ ಚುಕ್ಕೆ ಎತ್ತ ಹಾರಿತು, ಎಷ್ಟು ಹೊತ್ತಿಗೆ ವಾಪಸ್ ಬಂತು,
ಅದೇ ಲೆಕ್ಕ. ಆಮೇಲೆ ಮರ ಹುಡುಕೋದು."

ನಮ್ಮ ಹುಳ ವಾಪಸ್ ಬರುವುದಿಲ್ಲ ಎಂದೆ.
"ಹಾಗಾದ್ರೆ ದೂರ ಹೇಗೆ ಗೊತ್ತಾಗ್ತದೆ?"
ಗಾಮಾ ಕ್ಯಾಮೆರಾ ತೋರಿಸಿದೆ. ಅವರಿಗೆ ಅದು ಸಾಲಲಿಲ್ಲ.

ಇಪ್ಪತ್ತೆರಡನೇ ನಿಮಿಷ.
ಕಪ್ಪು ಪರದೆಯಲ್ಲಿ ಒಂದು ಉರಿ, ಅದರಿಂದ ಎಳೆದ ನೂಲು,
ಕಂಕುಳಲ್ಲಿ ಮಿಣಕ್ಕೆಂದ ಇನ್ನೊಂದು ಚುಕ್ಕೆ.
ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿದೆ.
ನಾಳೆ ಡಾಕ್ಟರು ಮೊದಲು ಇದೊಂದನ್ನು ತೆಗೆದು ನೋಡುತ್ತಾರೆ,
ಇದು ಚೊಕ್ಕವಿದ್ದರೆ ಉಳಿದವನ್ನು ಮುಟ್ಟುವುದಿಲ್ಲ.
"ನಾವೂ ಮರಿ ಇರುವ ಎರಿ ಕೊಯ್ಯೋದಿಲ್ಲ," ಅಂದು
ರವಿಕೆಯ ಗುಂಡಿ ಹಾಕಿಕೊಂಡರು.

ಮತ್ತೆ ಕೇಳಿದರು, ಎದ್ದು ನಿಂತ ಮೇಲೆ:
"ಮದ್ದನ್ನೂ ಹೀಗೇ ಹೊರಿಸಿ ಕಳಿಸ್ತಾರಂತೆ?"
ದೊಡ್ಡ ಊರುಗಳಲ್ಲಿ, ಕೆಲವು ರೋಗಗಳಿಗೆ.
ದೀಪದ ಜಾಗದಲ್ಲಿ ಮುಳ್ಳು.
"ಚುಚ್ಚಿದ ಹುಳ ಸಾಯ್ತದೆ."
ಇದೂ ಹಾಗೇ, ದಿನಕ್ಕಿಷ್ಟು ಅಂತ ಆರುತ್ತದೆ.
"ಎಲ್ಲವೂ ಸರಿಯಾದ ಮನೆಗೇ ಹೋಗ್ತವಾ?"
ಇಲ್ಲ ಎಂದೆ. ಬಹಳಷ್ಟು ದಾರಿ ತಪ್ಪಿ
ಲಿವರ್‌ನಲ್ಲಿ ಕೂತುಬಿಡುತ್ತವೆ.
ಸುಳ್ಳು ಹೇಳಬಹುದಿತ್ತು.

ಅವರು ಕಿಟಕಿಯ ಕಡೆ ತಿರುಗಿದರು.
"ತೊಂಬತ್ತೊಂದರಲ್ಲಿ ರೋಗ ಬಂದು
ನಮ್ಮ ಮೂವತ್ತು ಪೆಟ್ಟಿಗೆಯೂ ಖಾಲಿಯಾಯ್ತು.
ಮುಚ್ಚಳ ತೆಗೆದರೆ ಚೀಲದ ಹಾಗೆ ಸತ್ತ ಮರಿಗಳು.
ಯಾವ ಹುಳಕ್ಕೂ ಯಾರೂ ದೀಪ ಕಟ್ಟಿ ನೋಡಲಿಲ್ಲ."

ಮೊಮ್ಮಗಳನ್ನು ಎತ್ತಿಕೊಳ್ಳಬಹುದಾ ಎಂದರು.
ನಾಳೆಯವರೆಗೆ ತುಸು ದೂರ ಇದ್ದರೆ ಒಳ್ಳೆಯದು ಎಂದೆ,
ಬೆಳಗಾಗುವಾಗ ಉಳಿಯುವುದು ಅತ್ಯಲ್ಪ,
ಅದೂ ಆರುತ್ತಿರುತ್ತದೆ.
"ಇವತ್ತು ಮಾತ್ರ ನಾನು ಮಿಂಚುಹುಳ," ಅಂದರು.
ನಗು ಅರ್ಧಕ್ಕೇ ನಿಂತಿತು.

ಸಂಜೆ ಖಾಲಿ ಕುಡಿಕೆಯ ಮುಂದೆ ಮೀಟರ್ ಹಿಡಿದೆ.
ಟಿಕ್. ತಡೆದು, ಟಿಕ್.
ಮೇಜಿನ ಮೇಲೆ ಯಾವಾಗ ಇಟ್ಟು ಹೋಗಿದ್ದರೋ,
ಹಾರ್ಲಿಕ್ಸ್ ಬಾಟಲಿಯಲ್ಲಿ ಕಾಫಿ ಹೂವಿನ ಜೇನು,
ತಿಳಿ ಬಣ್ಣದ್ದು, ಒಂದು ಎಸಳು ಒಳಗೇ ಸಿಕ್ಕಿಕೊಂಡು.
ನನಗೇ ಇರಬೇಕೆಂದು ಕೈಗೆತ್ತಿಕೊಂಡೆ.
ಚೀಟಿಯಲ್ಲಿ ಓರೆ ಅಕ್ಷರ:
"ಹಾರ್ನ್ ಹೊಡೆಯದ ಡ್ರೈವರಿಗೆ."