ಹೆಸರಿಡದ ಬಟ್ಟಲು

ಸುರ್ರೆಂದು ಎಳೆದು, ನಾಲಿಗೆಯ ತುಂಬ ಹರಡಿ,
ಉಗುಳುವುದು ನನ್ನ ಕೆಲಸ.
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಹಿಂಬದಿಯ ಕೋಣೆ,
ಹತ್ತೊಂಬತ್ತು ವರ್ಷ, ದಿನಕ್ಕೆ ನಲವತ್ತು ಬಟ್ಟಲು.
ಹೊಗೆ ಕುಡಿದ ಕಾಫಿ, ಹುಳಿ ಹೊಡೆದದ್ದು,
ಗೋಣಿಯ ವಾಸನೆ ಅಂಟಿಸಿಕೊಂಡದ್ದು,
ಪಕ್ಕದ ಬಳ್ಳಿಯ ಮೆಣಸನ್ನು ಇನ್ನೂ ಮರೆಯದ್ದು,
ಹೆಸರಿಡಲಾಗದ್ದು ಒಂದೂ ಇರಲಿಲ್ಲ.

ಈ ಡಿಸೆಂಬರಿನಲ್ಲಿ ಒಂದು ಬಂತು.

ಕಿಟಕಿಯಾಚೆ ಮಂಜು. ವಾಚ್‌ಮನ್ ಕೈ ಕಾಸುತ್ತಿದ್ದಾನೆ.
ನನ್ನೆದೆಯೊಳಗೆ ಯಾರೋ ಒಲೆಯ ಬಾಗಿಲು ತೆಗೆದರು:
ಕುತ್ತಿಗೆ, ಕಿವಿ, ಕೂದಲ ಬುಡ.
ಬೆವರು ಗಲ್ಲದಿಂದ ಜಾರಿ ಏಳನೆಯ ಬಟ್ಟಲಿಗೆ ಬಿತ್ತು.
ಚೆಲ್ಲಿದೆ. ಯಾರಿಗೂ ಹೇಳಲಿಲ್ಲ.
ಸ್ವೆಟರ್ ಬಿಚ್ಚಿದೆ, ಹಾಕಿದೆ, ಬಿಚ್ಚಿದೆ.

ರಾತ್ರಿ ಮಂದಣ್ಣ ಕಂಬಳಿ ಎಳೆದುಕೊಳ್ಳುತ್ತಾನೆ,
ನಾನು ಕಿಟಕಿ ತೆರೆಯುತ್ತೇನೆ.
‘ಒಂದೇ ಮಂಚದಲ್ಲಿ ಎರಡು ಋತು’ ಎಂದು ಗೊಣಗಿದ,
ಎಷ್ಟು ಸರಿಯಾದ ಪದ ಆಡಿದೆನೆಂದು ತಿಳಿಯದೆ.

ತಿಂಗಳೆಂಬುದು ಈಗ ನಂಬಲಾಗದ ಬಸ್ಸು.
ಇಪ್ಪತ್ತು ದಿನಕ್ಕೇ ಹಾರ್ನ್ ಹೊಡೆಯುತ್ತದೆ,
ಇಲ್ಲವೇ ಎರಡು ತಿಂಗಳು ಸುಳಿವಿಲ್ಲ.
ಪುತ್ತರಿಯ ರಾತ್ರಿ, ನೆರಿಗೆ ಬೆನ್ನಿಗೆ ಸಿಕ್ಕಿಸಿ
ತಳಿಯಕ್ಕಿ ಬೊಳ್ಚ ಹಿಡಿಯಲು ನಿಂತಾಗಲೇ
ಬಂದು ನಿಂತಿತು.
ತಟ್ಟೆ ನಾದಿನಿಯ ಕೈಗೆ ಹೋಯಿತು.

ಆಮೇಲೆ ಆ ತಪ್ಪು.
ಮೂರಕ್ಕೇ ಎಚ್ಚರವಾದ ಒಂದು ಬೆಳಿಗ್ಗೆ
ಚೆಯ್ಯಂಡಾಣೆಯ ಪೂವಯ್ಯನ ಲಾಟಿಗೆ
‘ಚಪ್ಪೆ, ಲೋಹದ ರುಚಿ’ ಎಂದು ಬರೆದೆ.
ಮರುದಿನ ಅದೇ ಕಾಫಿ, ಜೇನು.
ಲೋಹ ಇದ್ದದ್ದು ನನ್ನ ಬಾಯಲ್ಲಿ.
ಅವನ ಒಂದು ವರ್ಷವನ್ನು ಒಂದು ಗೆರೆಯಲ್ಲಿ ಹೊಡೆದುಹಾಕಿದ್ದೆ.
ಹಾಳೆ ಹರಿದು, ಮತ್ತೆ ಬರೆದು, ಮ್ಯಾನೇಜರಿಗೆ
‘ನಿದ್ದೆಯಿಲ್ಲ’ ಎಂದೆ. ಅಷ್ಟೇ.

ಬಚ್ಚಲಲ್ಲಿ ಅಳುತ್ತಿದ್ದವಳನ್ನು ಹಿಡಿದದ್ದು
ಬೀಜ ಆರಿಸುವ ಜಲಜಾಕ್ಷಿ.
‘ನಂಗೂ ಇದೇ ಮೇಡಂ, ಒಂದೂವರೆ ವರ್ಷ.
ತಲೆ ಕೆಟ್ಟಿತು ಅಂದ್ಕೊಂಡಿದ್ದೆ.
ಫೌಝಿಯಾ ಡಾಕ್ಟ್ರ ಹತ್ರ ಹೋಗಿ.’

ಡಾಕ್ಟರು ಅದಕ್ಕೆ ಹೆಸರಿಟ್ಟರು:
ಮುಟ್ಟು ನಿಲ್ಲುವ ಮೊದಲಿನ ಕಾಲ.
ನಾಲ್ಕು ವರ್ಷವೂ ಇರಬಹುದು, ಎಂಟೂ.
ರಕ್ತ ತೆಗೆದರು, ಥೈರಾಯ್ಡಿಗೆ, ಹಿಮೋಗ್ಲೋಬಿನ್ನಿಗೆ.
‘ಗಂಟೆಗೊಂದು ಪ್ಯಾಡ್ ತುಂಬಿದರೆ ಸಹಿಸಿಕೊಂಡು ಕೂರಬೇಡಿ, ಬನ್ನಿ.
ಹಾರ್ಮೋನಿನ ಔಷಧಿಯೂ ಇದೆ. ಮನೆಯಲ್ಲಿ ಯಾರಿಗಾದರೂ
ಎದೆಯ ಕ್ಯಾನ್ಸರ್ ಇತ್ತಾ? ಅದನ್ನೆಲ್ಲ ನೋಡಿ ಮಾತಾಡೋಣ.
ದಿನಕ್ಕೆ ಕಾಫಿ ಎಷ್ಟು?’
‘ನಲವತ್ತು ಬಟ್ಟಲು.’
ಪೆನ್ನು ನಿಂತಿತು.
‘ಉಗುಳುತ್ತೇನೆ’ ಎಂದೆ.
ಕಣ್ಣೀರು ಬರುವಷ್ಟು ನಕ್ಕೆವು, ಇಬ್ಬರೂ.

‘ಪ್ರತಿದಿನ ಬರೆದಿಡಿ’ ಎಂದರು. ಅದು ನನಗೆ ಬರುತ್ತದೆ.
ಹಳೆಯ ರುಚಿಪಟ್ಟಿಯ ಹಿಂಬದಿ:
*ಮಂಗಳವಾರ. ಉರಿ ಐದು ಸಲ. ಕಾರಣವಿಲ್ಲದ ಸಿಟ್ಟು, ಗಾಢ, ಬಹಳ ಹೊತ್ತು ಉಳಿಯುವಂಥದ್ದು.*
*ಗುರುವಾರ. ಮಧ್ಯಾಹ್ನದ ನಂತರ ಕಾಫಿಯಿಲ್ಲ. ನಾಲ್ಕೂವರೆಯವರೆಗೆ ನಿದ್ದೆ.*
*ಭಾನುವಾರ. ಬೆಳಗ್ಗೆ ನಾಲ್ಕು ಮೈಲಿ. ನೀರಿನ ಕೊಡ ಎತ್ತಿ ಇಳಿಸಿದ್ದು ಹತ್ತು ಸಲ. ನಾಯಿ ನಕ್ಕಿತು.*

ಪಾರ್ಚ್‌ಮೆಂಟನ್ನು ಒಣಗಿಸುವುದು ಕೆಡದಿರಲಿ ಎಂದಲ್ಲವೇ ಎಂದು
ಡಾಕ್ಟರಿಗೆ ದೊಡ್ಡದಾಗಿ ಹೇಳಹೋದೆ.
‘ನೀವು ಕಾಫಿಯಲ್ಲ’ ಎಂದರು, ‘ಕ್ಯಾಲ್ಸಿಯಂ ತಗೊಳ್ಳಿ.’

ಅವ್ವ, ಅವಳಿಗೆ ಆಗ ನಲವತ್ತೆಂಟೋ ಏನೋ,
ನಡುರಾತ್ರಿ ಎದ್ದು ಹಂಡೆಯ ತಣ್ಣೀರಿಗೆ
ಮೊಣಕೈವರೆಗೆ ಕೈ ಅದ್ದಿ ನಿಲ್ಲುತ್ತಿದ್ದಳು.
ಕೇಳಿದರೆ, ಏನಿಲ್ಲ.
ಗಾಳಿ ಸೋಕಿದೆ ಎಂದರು ಮನೆಯವರು.
ಹದಿನಾರರ ನಾನು ನಕ್ಕಿದ್ದೆ.
ಆ ‘ಏನಿಲ್ಲ’ದ ರುಚಿ ಈಗ ಹತ್ತುತ್ತಿದೆ ನಾಲಿಗೆಗೆ.
ಅಂಕ ಹಾಕಲಾರೆ.

ನಿನ್ನೆ ಮೂರೂ ಹತ್ತಕ್ಕೆ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದೆ.
ಕಂಬಳಿ ಹೊದ್ದುಕೊಂಡೇ ಎದ್ದುಬಂದ ಮಂದಣ್ಣ:
‘ಏನಾಯ್ತು?’
ಏನಿಲ್ಲ ಎನ್ನಲು ಬಾಯಿ ತೆರೆದೆ,
ಮುಚ್ಚಿದೆ.
ಕುರ್ಚಿ ಎಳೆದು,
‘ಕೂತ್ಕೋ’ ಎಂದೆ.